ಮರಿಯವ್ವನ ಉಪವಾಸ

ಶುಭ ಶುಕ್ರವಾರ, ಅಂದರೆ ಯೇಸು ಶಿಲುಬೆಯಲ್ಲಿ ಸತ್ತ ದಿನ, ಇಳಕಲ್ಲಿನ ಚರ್ಚಿನಲ್ಲಿ ಮರಿಯವ್ವ ಎಂಬ ಅಜ್ಜಿ ಕುಸಿದಳು. ನಾನು ನರ್ಸ್, ಅದಕ್ಕೇ ನನ್ನನ್ನು ಕರೆದರು. ಅವಳಿಗೆ ಸಕ್ಕರೆ ಕಾಯಿಲೆ. ಬೆರಳು ಚುಚ್ಚಿ ನೋಡಿದರೆ ಉಪವಾಸದಿಂದ ಸಕ್ಕರೆ ತೀರಾ ಇಳಿದಿತ್ತು, ಹಾಗೇ ಬಿಟ್ಟರೆ ಜೀವಕ್ಕೇ ಅಪಾಯ. ಬೆಲ್ಲ ಕೊಟ್ಟರೆ ಮುಖ ತಿರುಗಿಸಿದಳು.

“ನಲವತ್ತ ವರ್ಷ ಮುರದಿಲ್ಲ ಸಿಸ್ಟರ್. ಈಗ ತಿಂದ್ರ ದೇವರಿಗೆ ಏನ್ ಮಾರಿ ತೋರಸ್ಲಿ?”

ಪಾಸ್ಟರ್ ಬಂದರು. ಅವರದೂ ಉಪವಾಸವೇ. ಎಲ್ಲರ ಮುಂದೆ ಬೆಲ್ಲ ಮುರಿದು, ಮೊದಲು ತಾವೇ ಬಾಯಿಗೆ ಹಾಕಿಕೊಂಡರು.

“ನಂದೂ ಮುರೀತವ್ವಾ. ಉಪವಾಸ ನೋಡಿ ನಮ್ಮನ್ನ ಪ್ರೀತಿ ಮಾಡಿದಾಂವ ಅಲ್ಲ ದೇವರು. ತಿನ್ನು.”

ಮರಿಯವ್ವ ಅಳುತ್ತಲೇ ತಿಂದಳು. ಸ್ವಲ್ಪ ಹೊತ್ತಿಗೆ ಪಾಸ್ಟರನ್ನೇ ಗದರಿಸಿದಳು: “ಅಷ್ಟ ದೊಡ್ಡ ತುಂಡ ನೀವ್ಯಾಕ ತಗೊಂಡ್ರಿ?”

ಸಕ್ಕರೆ ಏರಿದ್ದು ಅಲ್ಲೇ ಗೊತ್ತಾಯಿತು. ಆದರೂ ನಮ್ಮ ದವಾಖಾನೆಯ ನಿಯಮದಂತೆ ಮತ್ತೊಮ್ಮೆ ಅವಳ ಬೆರಳು ಚುಚ್ಚಿದೆ.