ತೊಟ್ಟಿಲು ದಾಟಿ ಬರುತ್ತಿದ್ದವರು

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಹೆರಿಗೆಯಾದ ಮನೆಗೆ ಬಂದವರೆಲ್ಲ ನೇರವಾಗಿ ತೊಟ್ಟಿಲಿಗೆ ಬಗ್ಗುತ್ತಿದ್ದರು. ರೇಷ್ಮೆ ವ್ಯಾಪಾರದ ಮನೆಯ ನನ್ನ ನೆರೆಯಾಕೆ ಮಾತ್ರ ಕೈ ತೊಳೆದು, ತೊಟ್ಟಿಲು ದಾಟಿ, ಬಾಣಂತಿಯ ಕಾಲ ಬಳಿ ಕೂರುತ್ತಿದ್ದರು. “ಮಗೂನ ಎಲ್ಲಾರೂ ನೋಡ್ತಾರೆ ಬಿಡಿ” ಎನ್ನುವುದು ಅವರ ಮಾತು.

ನನ್ನ ಮಗಳು ಹೆತ್ತು ತಿಂಗಳಾದರೂ ಅವಳ ಅಳು ನಿಂತಿರಲಿಲ್ಲ. ಹಾಲೂಡಿಸಲು ಕೂತರೆ ಇನ್ನೂ ಹೆಚ್ಚುತ್ತಿತ್ತು. ದೃಷ್ಟಿಯೆಂದು ನನ್ನ ಅತ್ತಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. “ಬಾಣಂತಿ ಅಳಬಾರ್ದು ಕಣೇ, ಹಾಲು ಬತ್ತುತ್ತೆ” ಎಂದು ಗದರಿದರು.

“ಅಳ್ಲಿ ಬಿಡಿ ಅಕ್ಕ, ನೀವು ಒಲೆ ನೋಡ್ಕೊಳ್ಳಿ” ಎಂದು ನೆರೆಯಾಕೆ ಮಗಳ ಪಾದ ಒತ್ತತೊಡಗಿದರು.

“ಆಂಟಿ, ಮಗೂನ ಬಿಟ್ಟು ಎಲ್ಲಾದ್ರೂ ಹೋಗ್ಬಿಡಣ ಅನ್ಸುತ್ತೆ” ಎಂದಳು ಮಗಳು. ನಾನು ಬಾಗಿಲಲ್ಲೇ ನಿಂತೆ.

“ನಾನು ಹೋಗೇಬಿಟ್ಟಿದ್ದೆ ಕಣಮ್ಮ. ಮುರುಗಮಲ್ಲದ ದರ್ಗಾಗೆ ಹೋಗೋ ಬಸ್ ಹತ್ತಿ ಕೂತಿದ್ದೆ. ಹಾಲು ಸೋರಿ ಬಟ್ಟೆಯೆಲ್ಲ ಒದ್ದೆಯಾಯ್ತು, ನಾಚ್ಕೆಯಾಗಿ ಇಳಿದ್ಬಿಟ್ಟೆ. ಆಮೇಲೆ ಡಾಕ್ಟರ್ ಹತ್ರ ಹೋದೆ. ಇದಕ್ಕೂ ಔಷಧಿ ಇದೆ ಅಂದ್ರು.”

ಮಗಳು ಎದ್ದು ಕೂತಳು. “ನಾಳೆ ನನ್ನೂ ಕರ್ಕೊಂಡು ಹೋಗ್ತೀರಾ?”

ಆಕೆ ಆಗಲೇ ಬುರ್ಖಾ ಸರಿಮಾಡಿಕೊಳ್ಳುತ್ತಿದ್ದರು. “ನಾಳೆ ಯಾಕಮ್ಮ? ಆಟೋ ಕರೀತೀನಿ, ಚಪ್ಪಲಿ ಹಾಕ್ಕೋ.”