ಗಾಳೆಮ್ಮನ ನಾಲಿಗೆಯೂ ಚಳಿ ಸೀಮೆಯ ಬಾಟ್ಲಿಯೂ

ಗಾಳೆಮ್ಮನನ್ನು ಮಾಲು ಎಂದು ನನ್ನ ಅಂಗಡಿ ಮುಂದೆ ತಂದಿಳಿಸಿದ್ದರೆ, ಗಾಡಿ ತಿರುಗಿಸ್ರಪ್ಪಾ ಅಂತಿದ್ದೆ. ನೋಡುವುದಕ್ಕೆ ಒಣ ಸರಕು. ಎಲುಬು ಹೆಚ್ಚು, ಮಾಂಸ ಕಡಿಮೆ. ಮುಂದಿನ ಹಲ್ಲೊಂದು ಮುಕ್ಕು. ದನಿ ಕೇಳಿದರೆ ಕುಂತ ಗಿರಾಕಿ ಎದ್ದು ಹೋಗಬೇಕು. ಇಡೀ ಸರಕಿನಲ್ಲಿ ಬೆಲೆ ಬಾಳುವುದು ಒಂದೇ, ಅದೂ ಬಾಯಿ ಮುಚ್ಚಿದರೆ ಕಾಣದಂಥದ್ದು. ಆ ನಾಲಿಗೆಯ ಮೇಲೆಯೇ ಮಸ್ಕಿಯ ಸೇಂದಿ ದುಕಾನ ನಡೆಯುತ್ತಿತ್ತು.

ಹಳ್ಳದ ದಂಡೆಯ ಈಚಲ ಗಿಡಗಳಿಂದ ಇಳಿಸಿದ ಗಡಿಗೆಗಳು ಬೆಳಗಿನ ತಂಪಿನಲ್ಲಿ ದುಕಾನಕ್ಕೆ ಬರುತ್ತಿದ್ದವು. ಗುತ್ತೇದಾರ ಆದೆಪ್ಪ ಕಟ್ಟೆಯ ಮೇಲೆ, ಗಾಳೆಮ್ಮ ಕೆಳಗೆ, ಕೈಯಲ್ಲಿ ಮುತ್ತಲ ಎಲೆಯ ದೊನ್ನೆ. ಮೊದಲು ಗಡಿಗೆಯಲ್ಲಿ ಇರಿವೆ ಬಿದ್ದಿವೆಯೇ ಎಂದು ನೋಡುವಳು. ಇರಿವೆ ಒಲ್ಲದ ಸೇಂದಿಯನ್ನು ಮನುಷ್ಯರು ಯಾಕೆ ಕುಡಿಯಬೇಕು ಎಂಬುದು ಆಕೆಯ ಲೆಕ್ಕ. ಆಮೇಲೆ ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಪಕ್ಕಕ್ಕೆ ಉಗುಳಿ, ತೀರ್ಪು ಕೊಡುವಳು.

“ಇದನ್ನ ಈಗ ಮಾರ್ರಿ. ಇದು ಮಧ್ಯಾಹ್ನದ ತನಕ ಕುಂದರ್ಲಿ, ಇನ್ನೂ ಸಿಟ್ಟು ಬಂದಿಲ್ಲ. ಇದನ್ನ ಚೆಲ್ರಿ.”

ತುಂಗಭದ್ರೆಯ ಎಡದಂಡೆ ಕಾಲುವೆ ನಮ್ಮ ಕಡೆ ಬಂದ ವರ್ಷಗಳವು. ಸಿಂಧನೂರಿನಿಂದ ಇತ್ತ ಮಣ್ಣು ಹೊರುವವರು, ಹೊತ್ತ ಮಣ್ಣನ್ನು ಅಳೆಯುವವರು, ಇಬ್ಬರನ್ನೂ ಬೈಯುವವರು, ಎಲ್ಲರಿಗೂ ಸಂಜೆಯಾದರೆ ಗಂಟಲು ಒಣಗುತ್ತಿತ್ತು. ಆದೆಪ್ಪನ ಹೊಟ್ಟೆಯೂ ದುಕಾನವೂ ಜೋಡಿಯಾಗಿ ಬೆಳೆದವು.

ಅಂಥ ಒಂದು ವರ್ಷ, ಮಳೆಗಾಲದ ಕೊನೆಗೆ ಗಾಳೆಮ್ಮ ಜ್ವರ ಹಿಡಿದು ಮಲಗಿದಳು. ಜ್ವರ ಹೋಯಿತು. ಹೋಗುವಾಗ ಬಾಯಿರುಚಿಯನ್ನೂ ಕರಕೊಂಡು ಹೋಯಿತು. ಆಕೆ ಯಾರ ಮುಂದೂ ಬಾಯಿ ಬಿಡಲಿಲ್ಲ. ಇರಿವೆ ನೋಡಿ, ನೊರೆ ನೋಡಿ, ಗಿಡ ಹತ್ತಿ ಇಳಿಸಿದ ಗಂಡ ಅಂಬಪ್ಪನ ಮುಖ ನೋಡಿ ತೀರ್ಪು ಹೇಳುತ್ತ ದಿನ ತಳ್ಳಿದಳು. ಹುಳಿತ ಗಡಿಗೆಗಳು ಗಿರಾಕಿಗಳ ಮುಂದೆ ಹೋಗತೊಡಗಿದವು. ಆದೆಪ್ಪ ಒಂದು ದಿನ ಅಂದುಬಿಟ್ಟ:

“ಗಾಳೆಮ್ಮ, ಎಳ್ಳಮಾಸಿ ತನಕ ನೋಡ್ತೀನಿ. ಆಮ್ಯಾಲೆ ಪಾಮನಕಲ್ಲೂರಿಂದ ಬ್ಯಾರೆಯವರನ್ನ ಕರಸ್ತೀನಿ.”

ಆಗ ಆಕೆ ನನ್ನ ಕಿರಾಣಿ ಅಂಗಡಿಗೆ ಬರಲು ಸುರು ಮಾಡಿದಳು. ಚೂರು ಬೆಲ್ಲ ಬೇಡುವಳು. ಹುಣಸೆ ಹಣ್ಣು ಚೀಪುವಳು. ಒಂದು ಲವಂಗ ಕಡಿದು ಕಣ್ಣು ಮುಚ್ಚುವಳು. ಕೊಳ್ಳುವುದು ಮಾತ್ರ ಏನೂ ಇಲ್ಲ.

“ಏನವಾ, ನನ್ನ ಅಂಗಡಿ ನಿನಗ ಬೀಗರ ಮನಿ ಆಗೇತೇನು?” ಅಂದೆ.

ಆಕೆ ಆಚೀಚೆ ನೋಡಿ ಸತ್ಯ ಹೇಳಿದಳು. “ನಾಲಿಗಿ ಬಂದೈತೋ ಇಲ್ಲೋ ತಿಳೀವಲ್ದುರೀ ಸಾವ್ಕಾರ್ರ. ಬೆಲ್ಲ ಕಂಡ ಕೂಡ್ಲೆ ಸಿಹಿ ಅಂತ ನೆನಪೇ ಹೇಳಿಬಿಡತೈತಿ. ಹುಣಸಿಹಣ್ಣು ಬಾಯಿಗಿಡೂಕಿಂತ ಮದಲ ಹಲ್ಲು ಜುಂ ಅಂತಾವ. ನಾ ಹುಟ್ಟಿದಾಗಿಂದ ಬಾಯಿಗಿಡದ ವಸ್ತು ಏನಾರ ಇದ್ರ ಕೊಡ್ರಿ. ನೆನಪಿಗೆ ಗೊತ್ತಿರಬಾರದು, ಅಂಥಾದ್ದು.”

ಮಸ್ಕಿಯಲ್ಲಿ ಅಂಥಾದ್ದು ಎಲ್ಲಿಂದ ತರಲಿ? ನನ್ನ ಅಂಗಡಿಯ ಸಾಮಾನೆಲ್ಲ ಆಕೆಯ ಅಜ್ಜಿಗೂ ಗೊತ್ತಿದ್ದದ್ದು. ಆದರೆ ಕೇಳಿದ ಮಾಲು ಇಲ್ಲ ಅಂದರೆ ವ್ಯಾಪಾರಿಗೆ ನಿದ್ದೆ ಬರುವುದಿಲ್ಲ.

ಲಿಂಗಸುಗೂರಿನ ಸರಕಾರಿ ಬಂಗ್ಲೆಗೆ ಅಕ್ಕಿ, ತುಪ್ಪ, ಚಿಮಣಿ ಎಣ್ಣೆ ನನ್ನ ಅಂಗಡಿಯಿಂದ ಹೋಗುತ್ತಿತ್ತು. ಅಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದವನು ಬುಡ್ಡೇಸಾಬ್. ಕಾಲುವೆ ನೋಡಲು ಬಂದು ಬಂಗ್ಲೆಯಲ್ಲಿ ಇಳಿದಿದ್ದ ಫ್ರಾನ್ಸ್ ದೇಶದ ಸಾಹೇಬರೊಬ್ಬರು ಹೋಗುವಾಗ ಅವನ ಕೈಗೆ ಒಂದು ಬಾಟ್ಲಿ ಕೊಟ್ಟಿದ್ದರು. ತಮ್ಮ ಊರಿನ ಚಳಿಯಲ್ಲಿ ಬೆಳೆಯುವ ಶಾರ್ಡನೇ ಎಂಬ ಬಿಳಿ ದ್ರಾಕ್ಷಿಯ ವೈನಂತೆ.

“ನಾ ಮುಟ್ಟಂಗಿಲ್ಲ, ಹರಾಮ್” ಅಂದ ಬುಡ್ಡೇಸಾಬ್. “ಚೆಲ್ಲಾಕ ಮನಸು ಬರವಲ್ದು. ನೀವು ಒಯ್ರಿ.”

“ನನ್ನ ಕೊರಳಾಗ ಲಿಂಗ ಐತಲ್ಲೋ ಮಾರಾಯ.”

“ಹಂಗಾದ್ರ ಇಬ್ರೂ ಕೂಡಿ ಬರೇ ನೋಡಿಕೋತ ಕುಂದ್ರೂಣೇನ್ರಿ?”

ಸಾಹೇಬರು ದಿನಾ ಊಟಕ್ಕೆ ಅದನ್ನೇ ಕುಡಿಯುತ್ತ, ಇದರಲ್ಲಿ ಇಂಥಿಂಥ ರುಚಿ ಇದೆ ಎಂದು ಅವನಿಗೆ ಹೇಳುತ್ತಿದ್ದರಂತೆ. “ಹಂಗಾದ್ರ ನೀನೂ ಬಾ, ಆದ್ರ ಆಕಿ ರುಚಿ ಹೇಳೂ ತನಕ ತುಟಿ ಪಿಟ್ಟೆನ್ನಬ್ಯಾಡ” ಎಂದು ಬಾಟ್ಲಿ ಸಮೇತ ಅವನನ್ನೂ ಬಸ್ ಹತ್ತಿಸಿಕೊಂಡು ಬಂದೆ.

ಆದೆಪ್ಪ ಹೇಳಿದ ಎಳ್ಳು ಅಮಾವಾಸ್ಯೆಗೆ ಇನ್ನೆರಡು ದಿನ ಇತ್ತು. ತಂಪಿದ್ದಾಗಲೇ ರುಚಿ ನೋಡಬೇಕು ಎಂಬುದು ಸೇಂದಿಯವರ ರೂಢಿ. ಅಂಬಪ್ಪ ಬಾಟ್ಲಿಯ ಕೊರಳಿಗೆ ಹಗ್ಗ ಬಿಗಿದು ರಾತ್ರಿಯಿಡೀ ಹೊಸದಾಗಿ ನೀರು ಬಿಟ್ಟಿದ್ದ ಕಾಲುವೆಗೆ ಇಳಿಬಿಟ್ಟ. ಬೆಳಿಗ್ಗೆ ಮೇಲೆತ್ತಿದರೆ ಹಿಡಿದ ಕೈ ಸೆಟೆಯುವಷ್ಟು ತಣ್ಣಗಿತ್ತು. ಬೂಚು ತೆಗೆಯುವ ಹಿಕಮತ್ತು ಯಾರಿಗೂ ತಿಳಿಯದೆ, ಅಂಬಪ್ಪ ಗಿಡ ಕೆತ್ತುವ ಕತ್ತಿಯ ಹಿಡಿಯಿಂದ ಅದನ್ನು ಒಳಕ್ಕೇ ದಬ್ಬಿದ. ಮೊದಲ ಹನಿಗಳನ್ನು ಒಂದು ಎಲೆಗೆ ಸುರಿದು, ಇರಿವೆ ಸಾಲಿನ ಪಕ್ಕ ಇಟ್ಟ. ಆಮೇಲೆ ದೊನ್ನೆ ತುಂಬಿದ. ಬಣ್ಣ ಎಳೆ ಹುಲ್ಲಿನ ಮೇಲೆ ಬಿಸಿಲು ಬಿದ್ದಂತಿತ್ತು.

ಗಾಳೆಮ್ಮ ಒಂದು ಗುಟುಕು ಹೊರಳಿಸಿ ಉಗುಳಿದಳು. ನಾವು ಮೂವರೂ ಆಕೆಯ ಬಾಯನ್ನೇ ನೋಡುತ್ತಿದ್ದೆವು.

“ನೀರು” ಅಂದಳು. ಮತ್ತೊಂದು ಗುಟುಕು. “ತಣ್ಣಗೈತಿ, ಅಷ್ಟ.”

ಮುಖ ಬಾಡಿತು. ದೊನ್ನೆಯನ್ನು ಚೆಲ್ಲಲಿಲ್ಲ. ಎರಡೂ ಅಂಗೈಯಲ್ಲಿ ಹಿಡಿದು, ಈಚಲ ಗಿಡಕ್ಕೆ ಬೆನ್ನು ಕೊಟ್ಟು ಕುಂತಳು. ಬಿಸಿಲು ಏರಿ ಆಕೆಯ ಮೊಣಕಾಲಿಗೆ ಬಂತು, ಕೈಯೊಳಗಿನ ದೊನ್ನೆಯ ತಂಪೂ ಇಳಿಯಿತು. ಏನು ತಿಳಿಯಿತೋ, ದೊನ್ನೆಯನ್ನು ಮೂಗಿನ ಹತ್ತಿರ ತಂದಳು. ಕುಡಿದಳು. ಈ ಸಲ ಉಗುಳಲು ಮರೆತಳು.

“ಹುಳಿ” ಅಂದಳು ಮೆಲ್ಲಗೆ. “ನಾಲಿಗಿ ಎರಡೂ ಬಾಜೂಕ ಹರದಾಡಾಕತ್ತೈತಿ. ಹುಣಸಿ ಹುಳಿ ಅಲ್ಲ. ಕಾಯಿ ಬಾರಿಹಣ್ಣಿಂದು, ಇನ್ನೂ ಹಸರಿದ್ದಾಗ ಕಡದಂಗ.”

“ನೆನಪಿಂದ ಹೇಳಾಕತ್ತಿ ನೀ” ಅಂದ ಅಂಬಪ್ಪ.

“ಏ, ಸುಮ್ನಿರು ಮಾರಾಯ! ಇದರ ನೆನಪು ನನಗೆಲ್ಲಿಂದ ಬರ್ಬೇಕು? ಇದರ ಹಿಂದ ಇನ್ನೊಂದು ಐತಿ, ತಡಿ...” ಕಣ್ಣು ಮುಚ್ಚಿದಳು. “ಬಿಸಲಿಗೆ ಕಾದ ಹಾಸಗಲ್ಲಿನ ಮ್ಯಾಲೆ ಮದಲ ಮಳಿ ಬೀಳತೈತಲ್ಲ, ಆ ವಾಸನಿ. ಕಡೀಕ ಒಂಚೂರು ಬೆಣ್ಣಿ ತಗದ ಮಜ್ಜಿಗಿ.”

ಬುಡ್ಡೇಸಾಬ್ ನನ್ನ ಕಡೆ ನೋಡಿದ. ಈಗ ಹೇಳು ಎಂದು ನಾನು ಹ್ಞೂಂ ಅಂದ ಮೇಲೆ ಅವನು ಬಾಯಿ ಬಿಟ್ಟ.

“ಸಾಹೇಬ್ರೂ ಕಲ್ಲು ಅಂತಿದ್ರು ಬೇಟಿ. ಹಸಿ ಸೇಬು ಅಂತಿದ್ರು, ಅದು ನಿನಗ ಗೊತ್ತಿಲ್ಲ, ಬಾರಿಹಣ್ಣು ಅಂದಿ. ಮಜ್ಜಿಗಿ ಸುದ್ದಿ ಮಾತ್ರ ಅವರು ಎತ್ತಿಲ್ಲ.”

“ಅವರ ಮನ್ಯಾಗ ಎಮ್ಮಿ ಇಲ್ಲೇನೋ” ಅಂದ ಅಂಬಪ್ಪ.

ನಾನು ಬಾಟ್ಲಿಯ ಕೊರಳಿಗೆ ಬೆರಳು ಹಚ್ಚಿ ನೆಕ್ಕಿದೆ. ಧರ್ಮಕ್ಕೆ ಅಷ್ಟು ರಿಯಾಯಿತಿ ಕೇಳಬಹುದು. ನನಗೆ ಹತ್ತಿದ್ದು ಬರೇ ಹುಳಿ. ಕಲ್ಲೂ ಇಲ್ಲ, ಮಳೆಯೂ ಇಲ್ಲ.

ಇಷ್ಟಾದರೂ ಗಾಳೆಮ್ಮ ನಗಲಿಲ್ಲ. ಮತ್ತೆ ಮತ್ತೆ ಗುಟುಕು ಹಾಕಿ ಏನನ್ನೋ ಹುಡುಕುತ್ತಿದ್ದಳು. “ಸಿಹಿ ಸಿಗವಲ್ದು” ಅಂದಳು. “ಹುಳಿ ಬಂತು, ವಾಸನಿ ಬಂತು. ಸಿಹಿ ಎಲ್ಲಿ? ನಾಲಿಗಿ ಅರ್ಧಾನೇ ಬಂದೈತ್ರಿ. ಆದೆಪ್ಪಗ ಇವತ್ತ ಹೇಳಿಬಿಡ್ತೀನಿ, ಬ್ಯಾರೆಯವರನ್ನ ಕರಸಂತ.”

ಸಿಹಿ ಇಲ್ಲದ ಕುಡಿಯುವ ವಸ್ತು ಆಕೆ ಕಂಡಿದ್ದೇ ಇಲ್ಲ. ಎಷ್ಟೇ ಸಿಟ್ಟಿನ ಸೇಂದಿಯಾದರೂ ತಳದಲ್ಲೊಂದು ಸಿಹಿ ಇರುತ್ತದೆ. ನಮಗೂ ಬೇರೆ ಗೊತ್ತಿರಲಿಲ್ಲ. ಸೆರಗು ಕೊಡವಿ ದುಕಾನದ ಕಡೆ ಹೊರಟೇಬಿಟ್ಟಳು.

ಅಂಬಪ್ಪ ಎಲೆಯ ಹತ್ತಿರ ಕುಕ್ಕರಗಾಲಲ್ಲಿ ಕುಂತಿದ್ದವನು ಕೂಗಿದ. “ಲೇ ಗಾಳಿ, ನಿಂದರ ಬೇ! ಇಲ್ಲಿ ನೋಡು. ಒಂದ ಇರಿವೀನೂ ಮುಟ್ಟಿಲ್ಲ. ಇವಕ್ಕೂ ಜ್ವರ ಬಂದಿತ್ತೇನು?”

ಗಾಳೆಮ್ಮ ತಿರುಗಿ ಬಂದು ಬಗ್ಗಿದಳು. ಇರಿವೆಗಳು ಎಲೆಯ ಅಂಚಿಗೆ ಬಂದು, ಮೀಸೆ ಆಡಿಸಿ, ಸುತ್ತು ಬಳಸಿ ಹೋಗುತ್ತಿದ್ದವು. ಬಹಳ ಹೊತ್ತು ನೋಡಿದಳು. ಆಮೇಲೆ ಆ ಮುಕ್ಕು ಹಲ್ಲು ತೋರಿಸಿ ನಕ್ಕಳು ನೋಡಿ, ಗಿಡದ ಮೇಲಿನ ಗೀಜುಗಗಳು ಹಾರಿಹೋದವು.

“ಅದರಾಗ ಸಿಹಿ ಇಲ್ಲಲೇ!” ಅಂದಳು. “ಇಲ್ಲದ್ದನ್ನ ಇಲ್ಲ ಅಂದೈತಿ ನನ್ನ ನಾಲಿಗಿ!”

ಅದೇ ಕಾಲಲ್ಲಿ ದುಕಾನಕ್ಕೆ ಹೋದಳು. ನಾವೂ ಹಿಂದೆ ಹೋದೆವು. ಗಡಿಗೆಗಳು ಕಾದಿದ್ದವು, ಗಿರಾಕಿಗಳೂ ಕಾದಿದ್ದರು. ಒಂದು ಗಡಿಗೆ ಮಾರ್ರಿ ಅಂದಳು. ಇನ್ನೊಂದನ್ನು ಇಡ್ರಿ ಅಂದಳು. ಮೂರನೆಯದನ್ನು ಬಾಯಿಗೆ ಹಾಕಿಕೊಂಡು ನಿಂತಳು.

“ಇದರಾಗ ಕಾಲುವಿ ಐತಿ.”

“ಏನಂದಿ?” ಅಂದ ಆದೆಪ್ಪ.

“ನೀರು ಬೆರತೈತಿ. ಹಳ್ಳದ್ದಲ್ಲ, ಕಾಲುವೀದು. ಹೊಸಾ ಮಣ್ಣಿನ ರುಚಿ.”

ಸಂಜೆ ಗಿಡದಿಂದ ಇಳಿದ ಆ ಗಡಿಗೆ ರಾತ್ರಿ ಆದೆಪ್ಪನ ಮನೆಯಲ್ಲೇ ಇತ್ತು ಎಂಬುದು ಗಿರಾಕಿಗಳಿಗೆಲ್ಲ ಗೊತ್ತಿತ್ತು. ಒಬ್ಬ ಕೆಮ್ಮಿದ. ಇನ್ನೊಬ್ಬ, “ಕಾಲುವಿ ನೀರು ಹೊಲಕ್ಕ ಬಿಡ್ರಿ ಗುತ್ತೇದಾರ್ರ, ನಮ್ಮ ಹೊಟ್ಟಿಗೆ ಯಾಕ?” ಅಂದ. ಆದೆಪ್ಪ ಗಡಿಗೆಯನ್ನು ತಾನೇ ಎತ್ತಿ ಚೆಲ್ಲಿದ. ಪಾಮನಕಲ್ಲೂರಿಗೆ ಹೇಳಿಕಳಿಸುವ ಮಾತು ಮತ್ತೆ ಎತ್ತಲಿಲ್ಲ. ಅಷ್ಟು ಜನರ ಎದುರು ಎತ್ತುವುದಾದರೂ ಹೇಗೆ? ದುಕಾನ ಇರುವ ತನಕ ಗಾಳೆಮ್ಮ ಆ ಕಟ್ಟೆಯ ಕೆಳಗೇ ಇದ್ದಳು.

ಮುಂದೆ ಕಾಲುವೆಯ ಹೊಲಗಳಿಂದ ನಾವು ಹೆಸರು ಕೇಳದ ಭತ್ತಗಳು ಬಂದವು. ಜೋಳ ಬಿಟ್ಟರೆ ಬೇರೆ ತಿಳಿಯದ ನಾನು ಅವುಗಳ ಮುಂದೆ ಕುಂತು, ಕಾಳನ್ನು ಅಂಗೈಯಲ್ಲಿ ಬೆಚ್ಚಗಾಗಲು ಬಿಟ್ಟು, ಆಮೇಲೆ ಬಾಯಿಗೆ ಹಾಕಿಕೊಂಡು ಬೆಲೆ ಕಟ್ಟಿದೆ. ಹಾಗೆ ಕಾಯುತ್ತ ಕುಂದರುವುದನ್ನು ನಾನು ಕಲಿತದ್ದು ಗಾಳೆಮ್ಮನಿಂದ. ಆ ಸಾಲ ಆಕೆಗೆ ನಾನು ಕೊಡಬೇಕಾದದ್ದು, ಇನ್ನೂ ಕೊಟ್ಟಿಲ್ಲ.