ಬಿಸಿಲು ಕಾಣದ ಹೆಂಚು

ಆ ದಿನಗಳಲ್ಲಿ ನಮ್ಮ ಓಣಿಯ ಯಾವ ಮನೆಯಲ್ಲೂ ಗಡಿಯಾರ ಇರಲಿಲ್ಲ. ಕೂಳೂರು ಹೊಳೆಯ ಬದಿಯಲ್ಲಿದ್ದ ಹೆಂಚಿನ ಕಾರ್ಖಾನೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಸಲ ಕೂಗುತ್ತಿತ್ತು. ಆ ಕೂಗಿಗೆ ಒಲೆಯ ಮೇಲೆ ಗಂಜಿ ಏರುತ್ತಿತ್ತು, ಆ ಕೂಗಿಗೇ ನಮ್ಮನ್ನು ಕುಂಟಾಬಿಲ್ಲೆ ಆಟದಿಂದ ಕಿವಿ ಹಿಡಿದು ಮನೆಗೆ ಎಳೆಯುತ್ತಿದ್ದರು. ನೀವೂ ಅಂಥ ಓಣಿಯಲ್ಲಿ ಬೆಳೆದವರಾದರೆ, ಹಸಿ ಆವೆಮಣ್ಣು, ಭಟ್ಟಿಯ ಹೊಗೆ, ಸುಟ್ಟ ಒಣಮೀನು ಈ ಮೂರೂ ವಾಸನೆ ಸೇರಿದರೆ ಹೇಗಿರುತ್ತದೆಂದು ನಾನು ವರ್ಣಿಸಬೇಕಾಗಿಲ್ಲ. ಇವತ್ತಿಗೂ ಎಲ್ಲಾದರೂ ಅದು ಮೂಗಿಗೆ ಬಡಿದರೆ ನನಗೆ ಮೊದಲು ಹಸಿವಾಗುತ್ತದೆ, ಆಮೇಲೆ ನಾಚಿಕೆಯಾಗುತ್ತದೆ.

ನಮ್ಮ ಮನೆಯಲ್ಲಿ ಮೂರೇ ಜನ. ಅಮ್ಮ, ಅಮ್ಮನ ಅಕ್ಕ ಅಕ್ಕು ದೊಡ್ಡಮ್ಮ, ಮತ್ತು ಒಂಬತ್ತು ವರ್ಷದ ನಾನು. ಅಪ್ಪನ ಮುಖ ನನಗೆ ನೆನಪಿಲ್ಲ. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ಯುದ್ಧದ ದೆಸೆಯಿಂದ ಹಡಗು ಬರುವುದಿಲ್ಲವೆಂದು ಆ ಬೇಸಗೆಯಲ್ಲಿ ಅದು ಬಾಗಿಲು ಹಾಕಿತ್ತು. ಅಂಗಡಿಯಲ್ಲಿ ಅಕ್ಕಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ದೊಡ್ಡಮ್ಮ ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವಳು. ಮೊದಲು ಮಣ್ಣು ಹೊತ್ತಳು, ಆಮೇಲೆ ಹಸಿ ಹೆಂಚು ಹೊತ್ತಳು, ಕೊನೆಗೆ ಭಟ್ಟಿಯಿಂದ ಇಳಿದ ಹೆಂಚನ್ನು ಬಾರಿಸಿ ನೋಡುವ ಜಾಗಕ್ಕೆ ಬಂದಳು. ಹೆಂಚನ್ನು ಒಂದು ಮೂಲೆಯಲ್ಲಿ ಎರಡೇ ಬೆರಳಿಂದ ಹಿಡಿದು ತೂಗಬಿಟ್ಟು, ಇನ್ನೊಂದು ಕೈಯ ಬೆರಳಿನ ಗಿಣ್ಣಿನಿಂದ ಹೊಡೆಯುವುದು. ಗಟ್ಟಿ ಹೆಂಚು ಠಣ್ ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕು ಒಳಗಿದ್ದರೆ ಡಬ್ ಎನ್ನುತ್ತದೆ. ಅಷ್ಟೇ ಕೆಲಸ. ಆ ಅಷ್ಟನ್ನು ಅವಳಷ್ಟು ಚೆನ್ನಾಗಿ ಮಾಡುವವರು ಹೊಳೆಯ ಎರಡೂ ದಡದಲ್ಲಿ ಇರಲಿಲ್ಲವಂತೆ. ವಯಸ್ಸಾಯಿತೆಂದು ಬಿಡಿಸಿದ ದಿನ ಕಾರ್ಖಾನೆಯವರು ಒಂದು ಸೀರೆ ಕೊಟ್ಟು, ಮನೆಗೆ ಬೇಕಾದಷ್ಟು ಹೆಂಚು ಆರಿಸಿಕೋ ಎಂದಿದ್ದರು. ದೊಡ್ಡಮ್ಮ ಇಡೀ ದಿನ ಕುಳಿತು ಒಂದೊಂದನ್ನೇ ಬಾರಿಸಿ, ತನ್ನ ಕೋಣೆಯ ಮೇಲಿನ ಮಾಡಿಗೆ ಸಾಕಾಗುವಷ್ಟನ್ನು ಮಾತ್ರ ತಂದಳು. ಅವಳ ಪಿಂಚಣಿ ಎಂದರೆ ಅದೇ. ಆ ಮಾಡು ಒಂದು ಹನಿ ಸೋರಿದ್ದನ್ನು ನಾನು ಕಂಡಿರಲಿಲ್ಲ.

ಕೆಲಸ ಬಿಟ್ಟ ಮೇಲೂ ಅವಳು ಬೆಳಗಿನ ಕೂಗಿಗೇ ಏಳುತ್ತಿದ್ದಳು. ಮುಖ ತೊಳೆದು, ವೀಳ್ಯದೆಲೆಗೆ ಸುಣ್ಣ ಹಚ್ಚಿ, ಗೇಟಿನತ್ತ ಹೋಗುವ ಹೆಂಗಸರನ್ನು ಜಗಲಿಯಿಂದ ಒಬ್ಬೊಬ್ಬರನ್ನಾಗಿ ವಿಚಾರಿಸಿ ಕಳಿಸಿದರೆ ಅವಳ ದಿನ ಶುರುವಾಯಿತು. ಓಣಿಯಲ್ಲಿ ಯಾರು ಮಡಕೆ ಕೊಂಡರೂ ಅವಳಿಗೆ ತೋರಿಸಬೇಕು. ಹಲಸಿನಕಾಯಿ ಕೊಯ್ಯುವ ಮೊದಲು ಅವಳು ತಟ್ಟಿ ನೋಡಬೇಕು. ಮಳೆಗೆ ಮುಂಚೆ ಓಣಿಯವರೆಲ್ಲ ಮಾಡಿನ ಹೆಂಚು ಇಳಿಸಿ, ಒಡಕು ತೆಗೆದು, ಮತ್ತೆ ಹೊದಿಸುವಾಗಲಂತೂ ಅವಳಿಲ್ಲದೆ ಏಣಿಯೇ ಏಳುತ್ತಿರಲಿಲ್ಲ. ಒಂದೊಂದು ಮನೆಯವರೂ ಅವಳ ಸೆರಗಿಗೆ ಕುಚ್ಚಲಕ್ಕಿ ಸುರಿಯುತ್ತಿದ್ದರು. ಆಟಿ ತಿಂಗಳ ಬಿಡದ ಮಳೆಯಲ್ಲಿ ನಾವು ಬದುಕಬೇಕಾದದ್ದು ಆ ಅಕ್ಕಿಯಿಂದ.

ಆ ವರ್ಷ ಒಂದು ದಿನ ಕಾರ್ಖಾನೆ ಕೂಗಿತು, ದೊಡ್ಡಮ್ಮ ಏಳಲಿಲ್ಲ. ಮರುದಿನವೂ ಏಳಲಿಲ್ಲ. ಮೂರನೆಯ ದಿನ ನಾನು ಅವಳ ಬೆನ್ನ ಹಿಂದೆ ನಿಂತು ಹಿತ್ತಾಳೆಯ ತಂಬಿಗೆ ಕೆಳಗೆ ಬಿಟ್ಟೆ. ಅವಳು ಅಲುಗಲಿಲ್ಲ. ನನಗೆ ಹೆದರಿಕೆಗಿಂತ ಹೆಚ್ಚಾಗಿ ದೊಡ್ಡ ಗುಟ್ಟೊಂದು ಸಿಕ್ಕಿದ ಖುಷಿಯಾಯಿತು ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ. ತಂಬಿಗೆ ಉರುಳಿ ಅವಳ ಕಾಲಿಗೆ ತಾಗಿತು. ತಿರುಗಿ ತಂಬಿಗೆಯನ್ನೂ ನನ್ನನ್ನೂ ನೋಡಿದಳು. ಅವಳಿಗೆ ಎಲ್ಲ ಗೊತ್ತಾಯಿತು.

ಮನೆಯಲ್ಲಿ ನಾವಾಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಅವಳು ನನ್ನನ್ನು ಹತ್ತಿರ ಕೂರಿಸಿಕೊಂಡು, "ಅಮ್ಮನಿಗೆ ಹೇಳ್ಲಿಕ್ಕೆ ಇಲ್ಲ, ಮಗಾ. ಓಣಿಯವರಿಗೆ ಗೊತ್ತಾದ್ರೆ ಮತ್ತೆ ನನ್ನನ್ನು ಯಾರು ಕರೀತಾರೆ? ಆಟಿಯಲ್ಲಿ ನಾವು ಎಂತ ತಿನ್ನುದು?" ಎಂದಳು. ಹಾಗೆ ಹೇಳುವಾಗ ಅವಳ ಕಣ್ಣು ನನ್ನ ತುಟಿಯ ಮೇಲಿತ್ತು. ನಾನು ಬಾಯಿ ಬಿಟ್ಟು ಹೇಳುವುದನ್ನು ಅವಳು ಬಹಳ ದಿನದಿಂದ ಹಾಗೆಯೇ ತಿಳಿಯುತ್ತಿದ್ದಳು ಎನ್ನುವುದು ಆಗ ನನಗೆ ಹೊಳೆಯಿತು.

ಹೀಗೆ ನಾನು ದೊಡ್ಡಮ್ಮನ ಕಿವಿಯಾದೆ. ಅವಳು ಹೆಂಚು ಬಾರಿಸುವುದು, ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳುವುದು. ಡಬ್ ಎಂದರೆ ಅವಳ ಕಾಲಿನ ಹೆಬ್ಬೆರಳನ್ನು ನನ್ನ ಕಾಲ್ಬೆರಳಿನಿಂದ ಒತ್ತುವುದು. ನಾಲ್ಕು ಮನೆಗಳ ಹೆಂಚನ್ನು ನಾವಿಬ್ಬರು ಹಾಗೆ ಮುಗಿಸಿದೆವು. ಯಾರಿಗೂ ಸುಳಿವು ಸಿಗಲಿಲ್ಲ. ನನ್ನ ಜಂಬ ಎಷ್ಟು ಏರಿತ್ತೆಂದರೆ, ಕುಂಟಾಬಿಲ್ಲೆಗೆ ಕರೆಯಲು ಬಂದ ಗೆಳತಿಯರಿಗೆ ಕೆಲಸವುಂಟು ಎಂದು ಮೂಗು ಮೇಲೆ ಮಾಡಿ ಹೇಳಿ ಕಳಿಸುತ್ತಿದ್ದೆ.

ಐದನೆಯದು ಸೇಸಮ್ಮನ ಮನೆ. ಸೇಸಮ್ಮ ಗಂಡ ಸತ್ತವಳು. ಚೊಚ್ಚಲ ಬಸುರಿ ಮಗಳನ್ನು ಹೆರಿಗೆಗೆ ಕರೆಸಿಕೊಂಡಿದ್ದಳು. ಹೊದಿಸುವ ಕೆಲಸ ಬಾಬಣ್ಣನದು. ನಮ್ಮ ಕಡೆಯ ಮಾಡುಗಳನ್ನೆಲ್ಲ ಹತ್ತಿ ಇಳಿಯುತ್ತಿದ್ದ ಮೃದು ಮಾತಿನ ಮನುಷ್ಯ. ಹಿಂದಿನ ದಿನ ಇಳಿಸಿದ ಹೆಂಚಿನ ಒಂದು ರಾಶಿ ಹಲಸಿನ ಮರದ ಬುಡದಲ್ಲಿತ್ತು. ನಸುಕಿನಲ್ಲಿ ಒಂದು ಸಣ್ಣ ಮಳೆ ಹನಿದು ಹೋಗಿತ್ತು. ಆ ರಾಶಿಗೆ ಬಿಸಿಲು ಬೀಳುವವರೆಗೆ ಮುಟ್ಟಬೇಡವೆಂದು ಹೇಳಿ ದೊಡ್ಡಮ್ಮ ಗಂಜಿ ಕುಡಿಯಲು ಒಳಗೆ ಹೋದಳು. ಬಾಬಣ್ಣ ಮಾಡಿನ ಆಚೆ ಬದಿಯಲ್ಲಿದ್ದ. ಯಾಕೆ ಮುಟ್ಟಬಾರದೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ನಾನೇನು ಅವಳಿಗಿಂತ ಕಡಿಮೆಯೇ ಎನಿಸಿತ್ತು. ಕೇಳುವವಳು ನಾನಲ್ಲವೇ?

ಒಂದೊಂದನ್ನೇ ಎತ್ತಿ ಬಾರಿಸಿದೆ. ಡಬ್. ಡಬ್. ಇನ್ನೊಂದು, ಅದೂ ಡಬ್. ಇಷ್ಟು ಒಡಕು ಹಿಡಿದೆನಲ್ಲ ಎಂದು ಉಬ್ಬಿ ಹೋದೆ. ಮೂವತ್ತು ಹೆಂಚನ್ನು ಬೇರೆ ಇಟ್ಟೆ. ದೊಡ್ಡಮ್ಮ ಹೊರಗೆ ಬರುವ ಹೊತ್ತಿಗೆ ಬಿಸಿಲು ಮರದ ಬುಡಕ್ಕೆ ಬಂದಿತ್ತು, ರಾಶಿಯ ಮೇಲ್ಮೈ ಒಣಗಿತ್ತು. ಅವಳು ನನ್ನ ಮುಖ ನೋಡಿ, "ಬಿಸಿಲು ಬಿದ್ದ ಮೇಲೆ ತಾನೇ?" ಎಂದಳು. ನಾನು ಹೌದೆಂದು ತಲೆಯಾಡಿಸಿದೆ.

ಸೇಸಮ್ಮನಿಗೆ ದೊಡ್ಡಮ್ಮನೇ ಹೇಳಿದಳು, ಮೂವತ್ತು ಹೆಂಚು ಆಗ್ಲಿಕ್ಕಿಲ್ಲ ಎಂದು. ಸೇಸಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. ಆ ವರ್ಷ ಹೊಸ ಹೆಂಚು ನಮ್ಮಂಥವರಿಗೆ ಸಿಗುತ್ತಿರಲಿಲ್ಲ. ಆದರೂ ಅಕ್ಕು ಹೇಳಿದ ಮೇಲೆ ಎದುರು ಮಾತಿರಲಿಲ್ಲ. ಒಡಕು ಹೆಂಚನ್ನು ಮಕ್ಕಳಿಗೆ ಬಿಟ್ಟುಕೊಡುವುದು ನಮ್ಮ ಓಣಿಯ ಪದ್ಧತಿ. ನಾವು ಅದನ್ನು ಕಲ್ಲಿನಿಂದ ಜಜ್ಜಿ ಪುಡಿಮಾಡಿ ಬಾವಿಕಟ್ಟೆಯ ಕೆಸರಿಗೆ ಹಾಸಬೇಕು. ವರ್ಷವಿಡೀ ಕಾಯುವ ಆಟ ಅದು. ಕೆಂಪು ಧೂಳು ಕಣ್ಣುರೆಪ್ಪೆಗೆಲ್ಲ ಅಂಟಿ, ಮಣ್ಣಿನ ಆ ಬಿಸಿ ಪರಿಮಳ ಬಾಯೊಳಗೆ ರುಚಿಯಾಗಿ ಹತ್ತುತ್ತಿತ್ತು. ಅಂದು ಎಲ್ಲರಿಗಿಂತ ಹೆಚ್ಚು ಹೆಂಚು ಜಜ್ಜಿದವಳು ನಾನು.

ಸಂಜೆಯ ಕೂಗು ಆಗುವ ಹೊತ್ತಿಗೆ ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಬಸುರಿ ಮಲಗುವ ಕೋಣೆಯ ಮೇಲೆ ಎರಡು ಚಾಪೆಯಗಲ ಆಕಾಶ ಕಾಣುತ್ತಿತ್ತು. ಅಂಚಿಗಾದರೂ ಒಂದು ಒಡಕು ಹೆಂಚು ಆದೀತೆಂದು ಬಾಬಣ್ಣ ಕೆಳಗಿಳಿದು, ಜಜ್ಜದೆ ಉಳಿದಿದ್ದ ನಾಲ್ಕರಲ್ಲಿ ಒಂದನ್ನು ಎತ್ತಿದ. ಅಭ್ಯಾಸದಿಂದ ಬೆರಳು ಹೊಡೆಯಿತು. ಠಣ್ ಎಂದಿತು. ಅವನು ಇನ್ನೊಂದನ್ನು ಬಾರಿಸಿದ. ನಾಲ್ಕು ಹೆಂಚೂ ಗಂಟೆಯ ಹಾಗೆ ನುಡಿದವು.

ದೊಡ್ಡಮ್ಮ ಆಚೆ ತಿರುಗಿ ಸೆರಗಿನ ಧೂಳು ಕೊಡಹುತ್ತಿದ್ದಳು. ಬಾಬಣ್ಣ ಅವಳನ್ನು ಕರೆದ. ಮತ್ತೊಮ್ಮೆ ಸ್ವಲ್ಪ ಜೋರಾಗಿ ಕರೆದ. ಮೂರನೆಯ ಸಲ ಕರೆಯುವಾಗ ಅಂಗಳದಲ್ಲಿದ್ದವರೆಲ್ಲ ಅವಳತ್ತ ತಿರುಗಿದ್ದರು. ಅವಳು ಧೂಳು ಕೊಡಹುತ್ತಲೇ ಇದ್ದಳು. ಸೇಸಮ್ಮ ಹೋಗಿ ಹೆಗಲು ಮುಟ್ಟಿದ ಮೇಲೆಯೇ ತಿರುಗಿದ್ದು.

"ಇದು ಒಡೆದದ್ದಲ್ಲ, ಅಕ್ಕಾ," ಎಂದ ಬಾಬಣ್ಣ. ಅವನ ಸ್ವರದಲ್ಲಿ ಸಿಟ್ಟಿರಲಿಲ್ಲ. "ಬಾರಿಸುವಾಗ ಮಳೆನೀರು ಕುಡಿದು ಚಂಡಿ ಇತ್ತು ಕಾಣ್ತದೆ. ಚಂಡಿ ಹೆಂಚಿಗೆ ಸ್ವರ ಉಂಟಾ? ನಿಮಗೆ ಗೊತ್ತಿಲ್ಲದ್ದೂ ಅಲ್ಲ."

ದೊಡ್ಡಮ್ಮ ಹೆಂಚನ್ನು ಕೈಗೆ ತೆಗೆದುಕೊಂಡು ಮಗುಚಿ, ಅದರ ಹೊಟ್ಟೆಯನ್ನು ಕೆನ್ನೆಗೆ ಒತ್ತಿ ಹಿಡಿದಳು. ಒಳಗಿನ ತಂಪು ಅವಳಿಗೆ ಸಿಕ್ಕಿರಬೇಕು. ಆಮೇಲೆ ನನ್ನ ಕಡೆ ನೋಡಿದಳು. ನನ್ನ ಕೈ ಮೊಣಕೈವರೆಗೆ ಕೆಂಪಾಗಿತ್ತು. ನಾನೇ ಬಾರಿಸಿದ್ದು, ನಾನೇ ಸುಳ್ಳು ಹೇಳಿದ್ದು ಎನ್ನಲು ಎರಡು ಮಾತು ಸಾಕಿತ್ತು. ನನ್ನ ಗಂಟಲು ಕಟ್ಟಿತ್ತು ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಕಟ್ಟಿರಲಿಲ್ಲ. ನಾನು ಬೇಕೆಂದೇ ಸುಮ್ಮನಿದ್ದೆ.

"ನನಗೆ ಕಿವಿ ಕೇಳುದಿಲ್ಲ, ಬಾಬಣ್ಣ," ಎಂದಳು ದೊಡ್ಡಮ್ಮ. ತನ್ನ ಸ್ವರ ತನಗೆ ಕೇಳಿಸದವರ ಹಾಗೆ ಜೋರಾಗಿ, ಇಡೀ ಓಣಿಗೆ ಕೇಳುವಂತೆ ಹೇಳಿದಳು. "ಹೇಳದೆ ಇದ್ದೆ. ತಪ್ಪು ನಂದು. ಏಣಿ ತೆಕ್ಕೊಂಡು ನನ್ನ ಮನೆಗೆ ಬಾ."

ಮಳೆ ಬೀಳುವ ಮೊದಲು ಬಾಬಣ್ಣ ಅವಳ ಕೋಣೆಯ ಮೇಲಿನಿಂದ ಹೆಂಚು ಇಳಿಸಿದ. ಇಡೀ ದಿನ ಕುಳಿತು ಆರಿಸಿ ತಂದದ್ದು, ಸೇಸಮ್ಮನ ಮಾಡಿಗೆ ಹೋಯಿತು. ಸೇಸಮ್ಮ ಬೇಡವೆಂದು ಅತ್ತಳು. ದೊಡ್ಡಮ್ಮ ಒಳಗಿರುವ ಬಸುರಿಯ ಕಡೆ ಕೈ ತೋರಿಸಿದಳು. ನಮ್ಮ ಮಾಡಿನ ತೂತಿಗೆ ಅಮ್ಮ ಹೆಣೆದ ತೆಂಗಿನ ಮಡಲು ಹೊದಿಸಿದಳು. ಮನೆಗೆ ಬಂದ ಮೇಲೆ ದೊಡ್ಡಮ್ಮ ನನಗೆ ಬೈಯಲಿಲ್ಲ. ಗಂಜಿಯ ತಳದಲ್ಲಿದ್ದ ಅನ್ನವನ್ನೆಲ್ಲ ಗೋರಿ ನನ್ನ ಬಟ್ಟಲಿಗೆ ಹಾಕಿ, ಪಕ್ಕದಲ್ಲಿ ಸುಟ್ಟ ಹಲಸಿನ ಬೀಜ ಇಟ್ಟಳು. ಎರಡೇಟು ಹೊಡೆದಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ.

ಉಳಿದ ಮನೆಗಳವರು ಆ ವರ್ಷ ಅವಳನ್ನು ಕರೆಯಲಿಲ್ಲ. ಕೆಟ್ಟವರೆಂದಲ್ಲ. ಅವರವರ ಮಾಡು ಅವರವರಿಗೆ. ಮಡಕೆ ತೋರಿಸಲೂ ಯಾರೂ ಬರಲಿಲ್ಲ. ಆಟಿಯಲ್ಲಿ ಮಡಲು ಕೊಳೆತು ಕೋಣೆಯೊಳಗೆ ಹನಿ ಬೀಳತೊಡಗಿತು. ಹನಿಯ ಸದ್ದು ಅವಳಿಗೆ ಕೇಳಿಸದು. ಬೆಳಿಗ್ಗೆ ನೋಡಿದರೆ ಚಾಪೆಯ ಒಂದು ಬದಿ ನೆನೆದು ತೊಪ್ಪೆಯಾಗಿರುತ್ತಿತ್ತು. ಅಕ್ಕಿ ಮುಗಿಯಿತು. ಕೆಸುವಿನ ಎಲೆ, ತಗಟೆ ಸೊಪ್ಪು ತಿಂದೆವು. ಸೇಸಮ್ಮನ ಮನೆಯಲ್ಲಿ ಊಟವಾಯಿತೆಂದು ಹೇಳಿ ದೊಡ್ಡಮ್ಮ ತನ್ನ ಪಾಲನ್ನು ನನ್ನ ಬಟ್ಟಲಿಗೆ ಸರಿಸುತ್ತಿದ್ದಳು. ಒಂದು ದಿನ ಅಮ್ಮ ಸೇಸಮ್ಮನನ್ನು ವಿಚಾರಿಸಿದಾಗ, ದೊಡ್ಡಮ್ಮ ಅತ್ತ ಕಾಲಿಟ್ಟೇ ಇರಲಿಲ್ಲವೆಂದು ಗೊತ್ತಾಯಿತು. ಅಷ್ಟರಲ್ಲಿ ಅವಳಿಗೆ ಜ್ವರ ಹಿಡಿದಿತ್ತು.

ಜ್ವರದ ನಡುವೆ ಒಂದು ಮಧ್ಯಾಹ್ನ ಅವಳು ಎದ್ದು ಕೂತು, ನನಗೆ ಬೆನ್ನು ಹಾಕಿ ಸೊಪ್ಪು ಬಿಡಿಸುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಚಂಡಿ ಹೆಂಚು ಬಾರಿಸಿದ್ದು, ತಲೆಯಾಡಿಸಿದ್ದು, ಅಂಗಳದಲ್ಲಿ ಬಾಯಿ ಬಿಡದೆ ನಿಂತದ್ದು, ಎಲ್ಲ. ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು. ಎದುರಿಗೆ ಹೋಗಿ ಕೂತಿದ್ದರೆ ನನ್ನ ತುಟಿ ನೋಡಿ ತಿಳಿಯುತ್ತಿದ್ದಳು. ನಾನು ಎದುರಿಗೆ ಹೋಗಲಿಲ್ಲ. ಕೇಳಿಸದು ಎಂದು ಗೊತ್ತಿದ್ದೇ ಹೇಳಿದೆ. ಆಟಿ ಕಳೆದು ಸೋಣ ತಿಂಗಳ ಬಿಸಿಲು ಬರುವ ಮೊದಲೇ ದೊಡ್ಡಮ್ಮ ಹೋದಳು.

ಕಾರ್ಖಾನೆ ಕೂಗುವುದು ನಿಂತು ಈಗ ಬಹಳ ಕಾಲವಾಯಿತು. ನಾನು ದೇರೆಬೈಲಿನಲ್ಲಿ ಮಗಳ ಮನೆಯಲ್ಲಿದ್ದೇನೆ. ತಲೆಯ ಮೇಲೆ ಕಾಂಕ್ರೀಟು. ಮಳೆಗೆ ಮುಂಚೆ ಇಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ, ಕರೆಯಬೇಕಾದ ಕೆಲಸವೂ ಇಲ್ಲ. ಇತ್ತೀಚೆಗೆ ಸೇಸಮ್ಮನ ಮನೆ ಕೆಡವುತ್ತಾರೆಂದು ತಿಳಿದು, ಮೊಮ್ಮಗಳನ್ನು ಕರೆದುಕೊಂಡು ಹೋದೆ. ಅಂಗಳದಲ್ಲಿ ಹೆಂಚು ರಾಶಿ ಹಾಕಿದ್ದರು. ದೊಡ್ಡಮ್ಮನ ಮಾಡಿನಿಂದ ಹೋದ ಹೆಂಚುಗಳು ಅದರೊಳಗೆ ಎಲ್ಲೋ ಇದ್ದವು. ಎಲ್ಲವೂ ಒಂದೇ ಕಪ್ಪು, ಒಂದೇ ಪಾಚಿ. ಗುರುತು ಹಿಡಿಯಲು ಒಂದೇ ದಾರಿಯಿತ್ತು. ಚೆನ್ನಾಗಿ ಬಿಸಿಲು ಕಾಯಿಸಿಕೊಂಡಿದ್ದ ಒಂದನ್ನು ಎತ್ತಿ, ಎರಡು ಬೆರಳಲ್ಲಿ ತೂಗಬಿಟ್ಟು ಗಿಣ್ಣಿನಿಂದ ಹೊಡೆದೆ.

ನನಗೆ ಏನೂ ಕೇಳಿಸಲಿಲ್ಲ. ಮತ್ತೊಮ್ಮೆ ಹೊಡೆದೆ, ಗಿಣ್ಣು ನೋವಾಯಿತು. ಹೆಂಚು ಒಡೆದಿತ್ತೋ, ನನ್ನ ಕಿವಿ ಹೋಗಿತ್ತೋ. ದೊಡ್ಡಮ್ಮ ನನ್ನ ಮುಖ ನೋಡುತ್ತಿದ್ದ ಹಾಗೆ ನಾನು ಮೊಮ್ಮಗಳ ಮುಖ ನೋಡಿದೆ. ಅವಳು ಸುಮ್ಮನೆ ನಿಂತಿದ್ದಳು. ಏನನ್ನು ಕೇಳಿಸಿಕೊಳ್ಳಬೇಕೆಂದು ನಾನು ಅವಳಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ.